ಚಂದ್ರು, ಪಾಂಡವಪುರ ಟಂಕಸಾಲೆ

ಮನುಷ್ಯನಿಗೆ ಏನಾದರೂ ಒಂದು ಹುಚ್ಚು ಇರಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ನಾಲ್ಕು ಜನಕ್ಕೆ ಅರ್ಥವಾಗುವ ಹುಚ್ಚಾಗಿರಬೇಕು. ಇಸ್ಪೀಟಿನ ಹುಚ್ಚಿದ್ದರೆ ಕೂಡಿ ಆಡುವುದಕ್ಕೆ ಜನ ಸಿಗುತ್ತಾರೆ. ನಾಟಕದ ಹುಚ್ಚಿದ್ದರೆ ದುರ್ಯೋಧನನ ಪಾರ್ಟು ಸಿಗದಿದ್ದರೂ ಬಾಗಿಲು ಕಾಯುವ ಪಾರ್ಟಾದರೂ ಸಿಗುತ್ತದೆ. ದನದ ಹುಚ್ಚಿದ್ದವನು ಹೇಮಗಿರಿ ಜಾತ್ರೆಗೆ ಹೋಗಿ ಹಲ್ಲು ನೋಡಿ, ಸುಳಿ ನೋಡಿ, ಟವೆಲಿನೊಳಗೆ ಕೈಹಾಕಿ ಬೆರಳು ಹಿಡಿದು ವ್ಯಾಪಾರ ಮಾಡಿ ಒಂದು ಜೊತೆ ಹೋರಿ ಹೊಡೆದುಕೊಂಡು ಬಂದರೆ ನೋಡುವುದಕ್ಕೆ ಅರ್ಧ ಊರು ಬರುತ್ತದೆ. ನನಗೆ ಹಿಡಿದದ್ದು ರೋಮಿನ ಹುಚ್ಚು. ರೋಮಿನ ಹಳೇ ನಾಣ್ಯಗಳ ಹುಚ್ಚು. ಅದೂ ಹೆಸರಾಂತ ದೊರೆಗಳದ್ದಲ್ಲ. ದೊಡ್ಡ ಸಾಮ್ರಾಜ್ಯದಿಂದ ಸಿಡಿದು ಬೇರೆ ಹೋಗಿ, ಯಾವುದೋ ಮೂಲೆಯಲ್ಲಿ ‘ನಾನೇ ಚಕ್ರವರ್ತಿ’ ಎಂದು ಕೂತು, ಕೂತ ಜಾಗ ಬೆಚ್ಚಗಾಗುವ ಮೊದಲೇ ಕೊಲೆಯಾಗಿ ಹೋದ ಪುಡಿ ಚಕ್ರವರ್ತಿಗಳದ್ದು. ಕ್ಯಾತನಹಳ್ಳಿಯಲ್ಲಿ ಹುಟ್ಟಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಬೆಳೆದು, ಪಾಂಡವಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನಿಗೆ ಇಂಥ ಹುಚ್ಚು ಯಾಕೆ ಬಂತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಜಾತ ದಿನಾ ಕೇಳುತ್ತಿದ್ದಳು.

ಬಂದದ್ದು ಶ್ರೀರಂಗಪಟ್ಟಣದಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಕೋಟೆಯ ಹತ್ತಿರ ಮರದ ನೆರಳಲ್ಲಿ ಬಟ್ಟೆ ಹಾಸಿಕೊಂಡು ಹಳೇ ಕಾಸು, ಹಿತ್ತಾಳೆ ಬೀಗ ಮಾರುತ್ತಿದ್ದ ಒಬ್ಬ ಸಾಬರಿದ್ದರು. ಅವರ ಹತ್ತಿರ ಇದ್ದದ್ದೆಲ್ಲ ಟಿಪ್ಪು ಕಾಲದ್ದೇ. ರಾಶಿಯಲ್ಲಿ ಒಂದು ಮಾತ್ರ ಬೇರೆ ಥರ ಕಂಡಿತು. ನಮ್ಮ ಹಳೇ ನಾಲ್ಕಾಣೆ ಅಗಲದ್ದು, ಕಪ್ಪಗೆ, ಒಂದು ಮಗ್ಗುಲಲ್ಲಿ ಗಡ್ಡದ ಗಂಡಸಿನ ತಲೆ, ತಲೆಯ ಮೇಲೆ ಮುಳ್ಳುಮುಳ್ಳಾಗಿ ಎದ್ದ ಕಿರೀಟ. “ಇದು ಯಾರದ್ದು ಸಾಬರೇ?” ಅಂದೆ. “ಟಿಪ್ಪು ಸುಲ್ತಾನರದ್ದೇ ಮೇಷ್ಟ್ರೇ, ಯುದ್ಧಕ್ಕೆ ಹೋಗುವಾಗ ಹಾಕ್ಕೊಳ್ಳೋ ಟೋಪಿ ಇದು” ಅಂದರು. ಟಿಪ್ಪುವಿಗೆ ಗಡ್ಡ ಇರಲಿಲ್ಲವಲ್ಲ ಅಂದದ್ದಕ್ಕೆ, “ಒಬ್ಬ ಗೋರಾ ಸಾಹೇಬ ಬೀಗ ತಗೊಂಡು, ಚಿಲ್ಲರೆ ಇಲ್ಲಾಂತ ಇದನ್ನ ಕೊಟ್ಟು ಹೋದ. ಖುದಾ ಕಸಂ, ಯಾರದ್ದೋ ನಂಗೂ ಗೊತ್ತಿಲ್ಲ, ತಗೊಂಡೋಗಿ” ಎಂದು ನಗುತ್ತಾ ಕೈಗೆ ಹಾಕಿದರು. ಆ ಗಳಿಗೆಯಲ್ಲಿ ನಾನು ಕೆಟ್ಟೆ. ಮಕ್ಕಳು ಟಿಪ್ಪು ಸತ್ತ ಜಾಗ ನೋಡುತ್ತಿದ್ದರೆ ಮೇಷ್ಟ್ರಾದವನು ಅಂಗೈ ನೋಡಿಕೊಳ್ಳುತ್ತಾ ನಿಂತಿದ್ದೆ.

ಅದರ ಜಾತಕ ಬಿಡಿಸಿದ್ದು ನಾಗಮಂಗಲದ ಪುಟ್ಟಸ್ವಾಮಿ. ಅವರು ಬಿಂಡಿಗನವಿಲೆಯವರು, ನಾಗಮಂಗಲದ ಬ್ಯಾಂಕಿನಲ್ಲಿ ಗುಮಾಸ್ತರು, ನಮ್ಮ ಸೀಮೆಯಲ್ಲಿ ನನಗೆ ಗೊತ್ತಿದ್ದ ಇನ್ನೊಬ್ಬನೇ ನಾಣ್ಯದ ಹುಚ್ಚ. ಯಾವ ಯಾವುದೋ ವಿದೇಶೀ ಪುಸ್ತಕದ ಜೆರಾಕ್ಸ್ ಹಾಳೆಗಳನ್ನು ತರಿಸಿ ರಗ್ಗಿನಂತೆ ಸುತ್ತಿ ಇಟ್ಟಿದ್ದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಇದು ರೋಮಿನಿಂದ ಬೇರೆ ಹೋದ ಗಾಲ್ ಸೀಮೆಯ ದೊರೆಗಳಲ್ಲಿ ಒಬ್ಬನದು ಅಂದರು. ಹೆಸರಿನಲ್ಲಿ ಕೊನೆಯ ಎರಡು ಅಕ್ಷರ ಮಾತ್ರ ಉಳಿದಿತ್ತು. ಆ ಎರಡು ಅಕ್ಷರದಿಂದ ಮುಗಿಯುವ ಹೆಸರು ಅವರಲ್ಲಿ ಎಲ್ಲರದೂ. ಗಡ್ಡ, ಮೂಗು, ಕತ್ತು ಎಲ್ಲ ತಾಳೆ ಹಾಕಿ ಕೊನೆಗೆ ಇಬ್ಬರಿಗೆ ತಂದು ನಿಲ್ಲಿಸಿದರು. ಒಬ್ಬ ಮಾರಿಯಸ್. ಕಮ್ಮಾರನಾಗಿದ್ದವನು, ಸೈನಿಕರು ಎತ್ತಿ ಕೂರಿಸಿದರು ಅಂತ ಚಕ್ರವರ್ತಿಯಾದ. ಎರಡು ಮೂರು ದಿನಕ್ಕೇ ತಾನು ಮಾಡಿದ ಕತ್ತಿಯಿಂದಲೇ ಸತ್ತ ಎಂದು ಕತೆ. ಅವನ ಹೆಸರಿನಲ್ಲಿ ಸಿಕ್ಕಿರುವಷ್ಟು ನಾಣ್ಯ ಅಷ್ಟು ಬೇಗ ಹೊಡೆಸಲು ಆಗುವುದಿಲ್ಲ, ಕೆಲವು ತಿಂಗಳಾದರೂ ಇದ್ದಿರಬೇಕು ಎಂದು ತಿಳಿದವರು ಹೇಳುತ್ತಾರಂತೆ. ಇನ್ನೊಬ್ಬ ಟೆಟ್ರಿಕಸ್. ಅವನದು ಬೇರೆ ಕತೆ. ಬೇರೆ ಹೋಗಿದ್ದೇ ತಲೆನೋವಾಗಿ, ತಾನೇ ಗುಟ್ಟಾಗಿ ರೋಮಿಗೆ ಕಾಗದ ಬರೆದು ‘ನನ್ನನ್ನು ಇಲ್ಲಿಂದ ಬಿಡಿಸಿ’ ಅಂದನಂತೆ. ರೋಮಿನ ದೊರೆ ದಂಡೆತ್ತಿ ಬಂದು, ಹಿಡಿದುಕೊಂಡು ಹೋಗಿ, ಊರೆಲ್ಲ ಮೆರವಣಿಗೆ ಮಾಡಿಸಿ, ಆಮೇಲೆ ಕ್ಷಮಿಸಿ ಒಂದು ಒಳ್ಳೆಯ ಹುದ್ದೆ ಕೊಟ್ಟನಂತೆ.

“ಮಾರಿಯಸ್ ಆದ್ರೆ ಅಪರೂಪದ್ದು ಮೇಷ್ಟ್ರೇ. ಟೆಟ್ರಿಕಸ್ ಆದ್ರೆ ಸಿಕ್ಕಾಪಟ್ಟೆ ಸಿಗುತ್ತೆ” ಅಂದರು ಪುಟ್ಟಸ್ವಾಮಿ. “ಮುಖ ನಂಬ್ಬೇಡಿ. ಹಿಂದ್ಗಡೆ ನೋಡಿ. ಮಾರಿಯಸ್ಸಿಂದ್ರಲ್ಲಿ ಎರಡು ಕೈ ಹಿಡ್ಕೊಂಡಿರೋ ಚಿತ್ರ ಬರುತ್ತೆ, ಟೆಟ್ರಿಕಸ್ಸಿಂದ್ರಲ್ಲಿ ನಿಂತಿರೋ ಹೆಂಗ್ಸು.” ಹಿಂದುಗಡೆ ಸವೆದು ಸವೆದು ನುಣ್ಣಗಾಗಿತ್ತು. ಬೆಳಗಿನ ಬಿಸಿಲಿನಲ್ಲಿ ಓರೆಯಾಗಿ ಹಿಡಿದರೆ ಎರಡು ಗೀರು ಕಂಡಂತಾಗುತ್ತಿತ್ತು. ಅವು ಮಣಿಕಟ್ಟೋ ಸೀರೆಯ ನೆರಿಗೆಯೋ ತಿಳಿಯುತ್ತಿರಲಿಲ್ಲ. “ನನಗೆ ಕೈ ಥರಾನೇ ಕಾಣ್ತದೆ” ಅಂದೆ. “ನೀವು ಮೇಷ್ಟ್ರು, ನಂಬೋದು ಜಾಸ್ತಿ. ನಾವು ಬ್ಯಾಂಕಿನೋರು, ಸಹಿ ತಾಳೆಯಾಗೋವರ್ಗೂ ನಂಬಾಕಿಲ್ಲ” ಅಂದರು. ಮೈಸೂರಿನಲ್ಲಿ ಒಬ್ಬ ತಜ್ಞರಿದ್ದಾರೆ, ಅವರ ಹತ್ತಿರ ಒಳ್ಳೆಯ ಉಪಕರಣ ಇದೆ, ಒಂದು ಸಲ ಇಬ್ಬರೂ ಹೋಗೋಣ ಎಂದು ಮಾತಾಯಿತು. ಸರ್ಕಾರಿ ಮೇಷ್ಟ್ರಿಗೂ ಬ್ಯಾಂಕಿನ ಗುಮಾಸ್ತರಿಗೂ ಒಂದೇ ದಿನ ರಜ ಸಿಗಬೇಕಲ್ಲ, ಅದು ಮುಂದಕ್ಕೆ ಹೋಗುತ್ತಲೇ ಇತ್ತು.

ಅಷ್ಟರಲ್ಲಿ ನಾನೇ ಬೇರೆ ಹೋದೆ. ರೋಮಿನಿಂದಲ್ಲ, ಕ್ಯಾತನಹಳ್ಳಿಯಿಂದ. ಅಪ್ಪ ಅವ್ವ ತೀರಿಕೊಂಡ ಮೇಲೂ ನಾನು, ಅಣ್ಣ, ಅತ್ತಿಗೆ, ಸುಜಾತ, ಎಲ್ಲರ ಮಕ್ಕಳು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದವರು. ಜಗಳ ಅಂತ ಏನೂ ಇರಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಜಗಳ ಆಡಿದವರು ರಾಜಿಯಾದರೂ ಆಗುತ್ತಾರೆ. ನನಗೆ ಬೇಕಾಗಿದ್ದದ್ದು ಒಂದು ಮೇಜು. ಡ್ರಾಯರ್ ಇರುವ ಮೇಜು. ಪಡಸಾಲೆಯ ಬೆಂಚಿನ ಮೇಲೆ ನಾಣ್ಯ ಹರವಿಕೊಂಡು ಕೂತರೆ ಅತ್ತಿಗೆ ಅದೇ ಬೆಂಚಿಗೆ ಹಪ್ಪಳ ತಂದು ಒಣಹಾಕುವರು. ಒಂದು ಸಲ ಪುಟ್ಟಸ್ವಾಮಿಯವರು ಕೊಟ್ಟಿದ್ದ ಇನ್ನೊಬ್ಬ ಚಕ್ರವರ್ತಿ ಹಪ್ಪಳಕ್ಕೆ ಅಂಟಿಕೊಂಡು ಡಬ್ಬದೊಳಗೆ ಹೋಗಿ, ಸಂಕ್ರಾಂತಿಯ ಹೊತ್ತಿಗೆ ಎಣ್ಣೆಯಲ್ಲಿ ಕಾಣಿಸಿಕೊಂಡ. “ನಿನ್ನ ದುಡ್ಡು ಬೆಂದೋಯ್ತು ಕಣೋ ಚಂದ್ರು” ಎಂದು ಅತ್ತಿಗೆ ಜಾಲರಿ ಸೌಟಿನಲ್ಲಿ ಎತ್ತಿ ತೋರಿಸಿ ನಕ್ಕರು. ಎಲ್ಲರೂ ನಕ್ಕರು. ನನಗೆ ಮಾತ್ರ ಮೈ ಉರಿದುಹೋಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ತೆಗೆದೆ. ಪಾಂಡವಪುರದಲ್ಲಿ ಸ್ಕೂಲಿನ ಹಿಂದೆಯೇ ಒಂದು ಬಾಡಿಗೆ ಮನೆ ಇದೆ, ಮಕ್ಕಳ ಓದಿಗೂ ಅನುಕೂಲ ಅಂದೆ. ಅಣ್ಣ ಏನೇನು ಅಡ್ಡ ಹೇಳಬಹುದು ಎಂದು ಯೋಚಿಸಿ ಎಲ್ಲಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದೆ. ಬಸ್ಸಿಗೆ ಹೋಗಿ ಬರುವಷ್ಟು ಹತ್ತಿರ ಇದ್ದುಕೊಂಡು ಯಾಕೆ ಅಂದರೆ ಇದು ಉತ್ತರ. ಊರವರು ಏನಂದುಕೊಳ್ಳುತ್ತಾರೆ ಅಂದರೆ ಇದು ಉತ್ತರ. ಅವ್ವ ಇದ್ದಿದ್ದರೆ ಹೀಗೆ ಮಾಡುತ್ತಿದ್ದೆಯಾ ಅಂದರೆ ಎದ್ದು ಕೈ ತೊಳೆಯುವುದು ಅಂತ ಇಟ್ಟುಕೊಂಡಿದ್ದೆ. ಅಣ್ಣ ಮುದ್ದೆ ನುಂಗಿ, ನೀರು ಕುಡಿದು, “ಆಯ್ತು ಬುಡ್ಲಾ. ನಿಂಗೂ ವಸಿ ಅನ್ಕೂಲ ಆಯ್ತದೆ” ಅಂದುಬಿಟ್ಟ. ಅಷ್ಟೇ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಎದುರಿಗೆ ಯಾರೂ ಬಾರದಿದ್ದರೆ ಹೇಗಿರುತ್ತದೆ ಹೇಳಿ. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಪಾತ್ರೆ ಪಗಡೆ ಹಂಚುವುದಕ್ಕೆ ನಮ್ಮ ಕಡೆ ಒಂದು ಪದ್ಧತಿ ಇದೆ. ದೊಡ್ಡವನು ಎರಡು ಗುಡ್ಡೆ ಮಾಡಬೇಕು, ಚಿಕ್ಕವನು ಅದರಲ್ಲಿ ಮೊದಲು ಆರಿಸಿಕೊಳ್ಳಬೇಕು. ಅಣ್ಣ ಎರಡು ಗುಡ್ಡೆ ಮಾಡಿದ. ಒಂದರಲ್ಲಿ ಒಳ್ಳೊಳ್ಳೆಯ ಹಂಡೆ, ಕೊಳದಪ್ಪಲೆ, ಹೊಸ ಸ್ಟೀಲು. ಇನ್ನೊಂದರಲ್ಲಿ ಸೊಟ್ಟ ಬಿದ್ದದ್ದು, ಹಿಡಿ ಮುರಿದದ್ದು. ಕುರುಡನಿಗೂ ಗೊತ್ತಾಗುವ ಹಾಗೆ ಮಾಡಿದ್ದ. ನಾನು ಬಹಳ ದೊಡ್ಡ ಮನಸ್ಸಿನವನ ಥರ ಸೊಟ್ಟ ಗುಡ್ಡೆಯನ್ನು ತೋರಿಸಿದೆ. “ಥೂ ನಿನ್ನ, ಆರಿಸ್ಕಳಕ್ಕೂ ಬರಾಕಿಲ್ವಲ್ಲೋ ನಿಂಗೆ. ಇವ್ನು ಮಕ್ಳಿಗೆ ಪಾಠ ಬೇರೆ ಹೇಳ್ತಾನಂತೆ” ಎಂದು ಬೈದು, ಒಳ್ಳೆಯ ಗುಡ್ಡೆಯಿಂದ ಎತ್ತಿ ಎತ್ತಿ ನನ್ನ ಗುಡ್ಡೆಗೆ ಹಾಕಿದ. ಆಮೇಲೆ ನನ್ನ ಪಾಲನ್ನು ಗೋಣಿಚೀಲಕ್ಕೆ ತುಂಬಿ ತನ್ನ ಹತ್ತಿರವೇ ಇಟ್ಟುಕೊಂಡ. “ಹೆಸ್ರು ಹಾಕ್ಸಿ ಕಳುಸ್ತೀನಿ. ಹಬ್ಬ ಹುಣ್ಣಿಮೆಲಿ ಪಾತ್ರೆ ಅದ್ಲುಬದ್ಲು ಆಗಿ ನಾಳೆ ಎಂಗುಸ್ರು ನಂದು ನಿಂದು ಅನ್ಬಾರ್ದು” ಅಂದ. ಮೇಜು ಮಾಡಿಸಿದೆ. ಮನೆ ಬಿಡುವ ದಿನ ಅದನ್ನು ಗಾಡಿಗೆ ಹತ್ತಿಸಿ ಇಳಿಸುವ ಗಡಿಬಿಡಿಯಲ್ಲಿ, ಕಣ್ಣು ಬೇರೆ ಒಂದಿಷ್ಟು ಮಂಜಾಗಿದ್ದರಿಂದ, ಗಡ್ಡದ ದೊರೆ ಇದ್ದ ಹಲ್ಲುಪುಡಿ ಡಬ್ಬಿಯನ್ನು ಹಳೇ ಮನೆಯ ಕಿಟಕಿಯಲ್ಲೇ ಬಿಟ್ಟುಬಂದೆ. ಹೊಸ ಮನೆಯಲ್ಲಿ ಡ್ರಾಯರ್ ಎಳೆದರೆ ಅದರೊಳಗೆ ಬಡಗಿಯ ಮರದ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಹೋಗಿ ತರೋಣ ಎಂದರೆ, ಬೇರೆ ಹೋದವನು ಇಷ್ಟು ಬೇಗ ತಿರುಗಿ ಬಂದ ಅನ್ನುತ್ತಾರಲ್ಲ ಎಂದು ಬಿಗುಮಾನ. ನಿಜ ಹೇಳಬೇಕೆಂದರೆ, ಅಣ್ಣನೇ ಒಂದು ದಿನ ಬಂದು ಬಾಗಿಲಲ್ಲಿ ನಿಂತು ‘ಸಾಕು ಬಾರ್ಲಾ, ಮನೆಗೋಗಾಣ’ ಎಂದು ರೇಗುತ್ತಾನೆ ಅನ್ನುವ ನಂಬಿಕೆಯೂ ಇತ್ತು. ಆ ನಂಬಿಕೆಯಲ್ಲೇ ಮನೆಗೆ ಸುಣ್ಣ ಹೊಡೆಸುವುದನ್ನು ಮುಂದಕ್ಕೆ ಹಾಕುತ್ತಿದ್ದೆ.

ಅಣ್ಣ ಬಂದ. ಕಬ್ಬಿನ ಟ್ರಾಕ್ಟರು ಕಾರ್ಖಾನೆಯ ಸಾಲಿನಲ್ಲಿ ನಿಂತಿರುವ ಹೊತ್ತು ನೋಡಿಕೊಂಡು ಗೋಣಿಚೀಲ ಹೊತ್ತು ತಂದು ನಡುಮನೆಯಲ್ಲಿ ಸುರಿದ. ಪ್ರತಿ ಪಾತ್ರೆಯ ಮೇಲೂ ಹೊಸದಾಗಿ ಕೊರೆದ ಹೆಸರು. ಪಾತ್ರೆ ಅಂಗಡಿಯಲ್ಲಿ ಗರ್ ಎಂದು ಸದ್ದು ಮಾಡುತ್ತಾ ಕರೆಂಟು ಪೆನ್ನಿನಲ್ಲಿ ಹೆಸರು ಹಾಕುತ್ತಾರಲ್ಲ, ಅದು. ಸುಜಾತ ಒಂದೊಂದನ್ನೇ ತಿರುಗಿಸಿ ನೋಡಿ ಖುಷಿಪಟ್ಟಳು. ಆಮೇಲೆ ಅಣ್ಣ ಅಂಗಿಯ ಜೇಬಿಗೆ ಕೈಹಾಕಿ ಹಲ್ಲುಪುಡಿ ಡಬ್ಬಿ ತೆಗೆದ. ನನಗೆ ಜೀವ ಬಂದಂತಾಯಿತು.

“ಇದ್ನ ಬುಟ್ಟು ಬಂದಿದ್ದೆ ನೋಡು. ಕಿಟ್ಕೀಲಿತ್ತು. ಪಾತ್ರೆ ಅಂಗ್ಡೀಗೆ ಓಗಿದ್ನಲ್ಲ, ಇದ್ಕೂ ಒಂದು ಹಾಕುಸ್ಬುಟ್ಟೆ” ಅಂದ.

“ಏನು ಹಾಕಿಸ್ದೆ?”

“ಹೆಸ್ರು ಕಣ್ಲಾ. ಎಲ್ಲಾ ಸಾಮಾನ್ಗೂ ಹಾಕ್ಸಿ ಇದೊಂದು ಯಾಕೆ ಬುಡಾದು? ನಿಂಗೆ ಇದ್ರ ಮ್ಯಾಲೇ ಅಲ್ವಾ ಪ್ರಾಣ. ನಾಳೆ ಯಾರೂ ಇದು ನಿಂದಲ್ಲ ಅನ್ನಂಗಿಲ್ಲ.”

ಡಬ್ಬಿ ತೆಗೆದೆ. ಗಡ್ಡದವನು ಮೇಲೆ ಮುಖ ಮಾಡಿ ಮೊದಲಿನ ಹಾಗೇ ಇದ್ದ. ತಿರುಗಿಸಿದೆ. ಸಾವಿರದ ಏಳುನೂರು ವರ್ಷದ ಕಪ್ಪಿನ ನಡುವೆ ಫಳಫಳ ಹೊಳೆಯುವ ತಾಮ್ರದ ಅಕ್ಷರದಲ್ಲಿ ‘ಚಂದ್ರು’ ಎಂದಿತ್ತು. ಕೆಳಗೆ ಅಂಚಿನುದ್ದಕ್ಕೂ ಬಾಗಿಸಿ ‘ಪಾಂಡವಪುರ’. ಮಣಿಕಟ್ಟಿದ್ದ ಜಾಗದಲ್ಲಿ, ಅಥವಾ ನೆರಿಗೆಯಿದ್ದ ಜಾಗದಲ್ಲಿ, ನನ್ನ ಹೆಸರಿನ ಒತ್ತಕ್ಷರ ಕಾಲು ಚಾಚಿಕೊಂಡು ಮಲಗಿತ್ತು.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ, ಹೊಸ ಅಂಗಿ ತಂದುಕೊಟ್ಟವರು ನೋಡುತ್ತಾರಲ್ಲ ಹಾಗೆ. “ಆ ಕಡೆ ಯಾವನೋ ದೊರೆ ಅವ್ನಲ್ಲ, ಅವನ ಮಕ ಕೆಡುಸ್ಬಾರ್ದು ಅಂತ ಏಳ್ದೆ. ಈ ಕಡೆ ಎಂಗೂ ಖಾಲಿ ಇತ್ತು. ಇಷ್ಟಗಲ ಜಾಗ್ದಲ್ಲಿ ಕೊರೆಯಕ್ಕೆ ಅವ್ನು ಎಷ್ಟು ಕಷ್ಟಪಟ್ಟ ಗೊತ್ತಾ? ಆಗಕಿಲ್ಲ ಗೌಡ್ರೆ ಅಂದ. ಆಗ್ಲೇಬೇಕು ಕಣಯ್ಯಾ, ನಮ್ಮ ತಮ್ಮಂದು ಅಂತ ಕೂತ್ಕಂಡು ಮಾಡುಸ್ದೆ. ಎಂಗದೆ?” ಅಂದ. ಅಂಥ ಅಣ್ಣನಿಗೆ ಏನು ಹೇಳುತ್ತೀರಿ? ಅಪರೂಪದ ನಾಣ್ಯವೊಂದು ಇನ್ನು ಯಾರದೆಂದು ಯಾವತ್ತೂ ಗೊತ್ತಾಗದ ಹಾಗೆ ಮಾಡಿಬಿಟ್ಟೆ ಮಾರಾಯ ಎಂದು ಹೇಳುವುದಾ? “ಚೆನ್ನಾಗದೆ ಅಣ್ಣ” ಅಂದೆ. ಟ್ರಾಕ್ಟರಿನ ಸರದಿ ಬಂದುಬಿಡುತ್ತದೆ ಎಂದು ಅವನು ಕಾಫಿ ನಿಂತುಕೊಂಡೇ ಕುಡಿದು ಹೊರಟ. ಮೇಜಿನ ಮೇಲೆ ಒಂದು ಸಲ ಕೈಯಾಡಿಸಿ, “ಮರ ಒಳ್ಳೇದು ಆಕ್ಸಿದ್ದೀಯೆ” ಅಂದು ಹೋದ.

ಅವತ್ತು ನನಗಾದ ಸಂಕಟ ಸುಜಾತಳಿಗೆ ತಿಳಿಯಲೇ ಇಲ್ಲ. ಅವಳು ಕೆ.ಆರ್. ಪೇಟೆಯವಳು, ಮಾತು ನೇರ. “ಮೊದ್ಲು ಯಾವನ್ದೋ ಆಗಿತ್ತು, ಈಗ ನಿಮ್ದಾಗದೆ. ಒಳ್ಳೇದೇ ಆಯ್ತಲ್ಲ” ಅಂದಳು. ಪುಟ್ಟಸ್ವಾಮಿಯವರಿಗಾದರೂ ಹೇಳಿಕೊಂಡು ಅಳೋಣ ಎಂದು ಭಾನುವಾರ ನಾಗಮಂಗಲದ ಬಸ್ಸು ಹತ್ತಿದೆ. ಅವರು ನಾಣ್ಯ ತಿರುಗಿಸಿ, ಭೂತಗನ್ನಡಿ ಹಿಡಿದು, ಬಹಳ ಗಂಭೀರವಾಗಿ, “ಮೇಷ್ಟ್ರೇ, ಇಷ್ಟು ದಿನ ಅನುಮಾನ ಇತ್ತು. ಈಗ ಯಾರದು ಅಂತ ಸ್ಪಷ್ಟವಾಗಿ ಗೊತ್ತಾಯ್ತು. ಚಂದ್ರು ಅನ್ನೋ ದೊರೆ, ಪಾಂಡವಪುರ ಟಂಕಸಾಲೆ. ಬಾಳ ಅಪರೂಪದ್ದು, ಲೋಕದಲ್ಲಿ ಇದೊಂದೇ ಇರೋದು” ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಸಮಾಧಾನ ಮಾಡುವುದಕ್ಕೆ ಶುರುಮಾಡಿದರು. ಬೇರೆ ಹೋದ ದೊರೆಗಳೂ ಹೀಗೇ ಮಾಡುತ್ತಿದ್ದರಂತೆ. ಹೊಸ ತಾಮ್ರ ಎಲ್ಲಿಂದ ತರುವುದು ಎಂದು ಹಳೇ ದೊರೆಯ ನಾಣ್ಯದ ಮೇಲೇ ತಮ್ಮ ಅಚ್ಚು ಹೊಡೆಯುತ್ತಿದ್ದರಂತೆ. ಕೆಲವರು ಯಾವ ಊರಿನಲ್ಲಿ ಹೊಡೆದದ್ದು ಎಂದು ಕೆಳಗೆ ಗುರುತೂ ಹಾಕುತ್ತಿದ್ದರಂತೆ. “ನಿಮ್ಮಣ್ಣ ಎಲ್ಲಾ ಶಾಸ್ತ್ರಬದ್ಧವಾಗೇ ಮಾಡ್ಸವ್ರೆ. ಒಂದೇ ವ್ಯತ್ಯಾಸ. ಬೇರೆ ಹೋದೋನ ನಾಣ್ಯಾನ ಬೇರೆ ಹೋದೋನೇ ಹೊಡುಸ್ಕಬೇಕು. ರೋಮಿನೋರೇ ಹೊಡ್ಸಿ ಕೊಟ್ಟಿದ್ದು ಎಲ್ಲೂ ಕೇಳಿಲ್ಲ ನಾನು.”

ಅವರು ತಮಾಷೆಗೆ ಅಂದದ್ದು. ತಿರುಗಿ ಬರುವಾಗ ಬಸ್ಸಿನಲ್ಲಿ ಆ ಮಾತು ತಲೆಯೊಳಗೆ ಹುಳದ ಹಾಗೆ ಕೊರೆಯತೊಡಗಿತು. ನಮ್ಮ ಮದುವೆಯಲ್ಲಿ ಬಂದ ಪಾತ್ರೆಗಳಿಗೂ ಅಣ್ಣನೇ ಹೆಸರು ಹಾಕಿಸಿದ್ದ. ಅವುಗಳ ಮೇಲೆಲ್ಲ ನನ್ನ ಹೆಸರಿನ ಕೆಳಗೆ ‘ಕ್ಯಾತನಹಳ್ಳಿ’ ಎಂದೇ ಇತ್ತು. ನಾನು ಬಾಡಿಗೆ ಮನೆಯಲ್ಲಿ ಇರುವವನು. ಇವತ್ತು ಪಾಂಡವಪುರ, ನಾಳೆ ವರ್ಗವಾದರೆ ಮದ್ದೂರೋ ಮಳವಳ್ಳಿಯೋ. ಊರು ಅಂತ ಕೇಳಿದರೆ ಇವತ್ತಿಗೂ ಕ್ಯಾತನಹಳ್ಳಿ ಅಂತಲೇ ಬಾಯಿಗೆ ಬರುವುದು. ನನ್ನ ಮಟ್ಟಿಗೆ ನಾನು ರಜೆಯ ಮೇಲೆ ಬಂದವನ ಹಾಗೆ ಪಾಂಡವಪುರದಲ್ಲಿದ್ದೆ. ಅಂಗಡಿಯವನು ಊರು ಯಾವುದು ಹಾಕಲಿ ಎಂದು ಕೇಳಿದ್ದಾನೆ, ಅಣ್ಣ ಒಂದು ಗಳಿಗೆ ಯೋಚನೆ ಮಾಡಿದನೋ ಇಲ್ಲವೋ, ಪಾಂಡವಪುರ ಅಂದಿದ್ದಾನೆ. ಅಲ್ಲಿಗೆ ಮುಗಿಯಿತು. ಗಡ್ಡದವನ ಹಿಂದುಗಡೆ ಕೈಯಿತ್ತೋ ಹೆಂಗಸಿದ್ದಳೋ ಅನ್ನುವುದಕ್ಕಿಂತ ಇದೇ ಹೆಚ್ಚು ಚುಚ್ಚಿತು. ನಾನು ಸುಣ್ಣ ಹೊಡೆಸದೆ ಕಾಯುತ್ತಾ ಕೂತಿದ್ದೆನಲ್ಲ, ಅತ್ತ ಅವನು ನನ್ನನ್ನು ಮನಸ್ಸಿನಲ್ಲಿ ಪೂರ್ತಿ ಕಳಿಸಿಕೊಟ್ಟಾಗಿತ್ತು. ಪ್ರೀತಿಯಿಂದಲೇ ಕಳಿಸಿದ್ದ, ಅದೇ ಕಷ್ಟ. ಸಿಟ್ಟಿನಿಂದ ಕಳಿಸಿದ್ದರೆ ಹೋಗಿ ಕಾಲು ಹಿಡಿಯಬಹುದಿತ್ತು.

ಮುಂದಿನ ವಾರವೇ ಮನೆಗೆ ಸುಣ್ಣ ಹೊಡೆಸಿದೆ. ಮೈಸೂರಿನ ತಜ್ಞರ ಹತ್ತಿರ ಹೋಗುವ ಮಾತನ್ನು ನಾನೂ ಎತ್ತಲಿಲ್ಲ, ಪುಟ್ಟಸ್ವಾಮಿಯವರೂ ಎತ್ತಲಿಲ್ಲ.

ಆ ವರ್ಷ ಹಿರಿಯರ ಹಬ್ಬಕ್ಕೆ ಕ್ಯಾತನಹಳ್ಳಿಗೆ ಹೋದೆವು. ಅಪ್ಪ ಅವ್ವನಿಗೆ ಎಡೆ ಇಡುವುದು ದೊಡ್ಡ ಮನೆಯಲ್ಲೇ. ಪ್ರತಿ ವರ್ಷ ಗೋಡೆಗೆ ಪಂಚೆ ಸೀರೆ ಒರಗಿಸಿ ಕಳಶ ಇಡುವುದು, ಬಾಳೆ ಎಲೆ ತೊಳೆಯುವುದು, ಕಾಯಿ ಸುಲಿಯುವುದು ಎಲ್ಲ ನನ್ನ ಕೆಲಸ. ಒಳಗೆ ಹೋದವನೇ ಅಭ್ಯಾಸದ ಮೇಲೆ ಪಂಚೆ ಎತ್ತಿ ಕಟ್ಟಿ ಕಾಯಿಗೆ ಕೈಹಾಕಿದೆ. “ನೀನ್ಯಾಕ್ಲಾ ಮಾಡೀಯೆ, ಬಂದೋನು ಸುಮ್ಕೆ ಕೂತ್ಕೊ” ಎಂದು ಅಣ್ಣ ಕಾಯಿ ಕಿತ್ತುಕೊಂಡ. ಅಟ್ಟದ ಕೆಳಗೆ ನೆಂಟರಿಗೆ ಅಂತ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತಿತ್ತು. ಬೀಗರು, ಗ್ರಾಮಲೆಕ್ಕಿಗರು ಬಂದರೆ ಮಾತ್ರ ಹೊರಗೆ ಬರುತ್ತಿದ್ದದ್ದು. ಅದನ್ನು ತಂದು, ಹೆಗಲ ಮೇಲಿನ ಟವೆಲಿನಲ್ಲಿ ಎರಡು ಸಲ ಒರೆಸಿ, ನಡುಮನೆಯಲ್ಲಿ ಹಾಕಿದ. ಆ ಮನೆಯಲ್ಲಿ ಹುಟ್ಟಿದಾಗಿನಿಂದ ನಾನು ಅಂಥ ಕುರ್ಚಿಯಲ್ಲಿ ಕೂತವನಲ್ಲ. ಕೂರದಿದ್ದರೆ ಬೇಜಾರು ಮಾಡಿಕೊಳ್ಳುತ್ತಾನೆ, ಕೂತರೆ ನನಗೆ ಬೇಜಾರು. ಕೂತೆ.

ಅಡುಗೆಮನೆಯಿಂದ ಅತ್ತಿಗೆ ಬಂದರು. ನಾನು ಚಡ್ಡಿ ಹಾಕುತ್ತಿದ್ದಾಗ ಆ ಮನೆಗೆ ಸೊಸೆಯಾಗಿ ಬಂದು, ನನ್ನ ಊಟ ತಿಂಡಿಯನ್ನೆಲ್ಲ ಕಣ್ಣಳತೆಯಲ್ಲೇ ಬಡಿಸಿದವರು. ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಚಮಚ. ನನ್ನ ಮುಂದೆ ನಿಂತು, ಕುರ್ಚಿಯಲ್ಲಿ ಕೂತ ನನ್ನನ್ನು ನೋಡಿ ಒಂದಿಷ್ಟು ತಡವರಿಸಿ, “ಚಂದ್ರು, ಪ್ಯಾಟೆ ಸೇರ್ದೋರು ಸಕ್ರೆ ಕಮ್ಮಿ ಮಾಡ್ತಾರಂತಲ್ಲಪ್ಪ. ನಿಂಗೆ ಎಷ್ಟು ಹಾಕ್ಲಿ?” ಅಂದರು.

ಮೊದಲಾಗಿದ್ದರೆ ‘ಏನತ್ತಿಗೆ ಹಿಂಗ್ ಕೇಳ್ತೀರಿ, ಬೆಲ್ಲದ ಊರಲ್ಲಿ ಹುಟ್ಟಿದೋನು ನಾನು’ ಎಂದು ರೇಗಿಸಿ, ಲೋಟ ಕಿತ್ತುಕೊಂಡು ಒಲೆಯ ಮುಂದೆ ಹೋಗಿ ಕೂತಿರುತ್ತಿದ್ದೆ. ಅವತ್ತು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು, ಎರಡೂ ಕೈಯಲ್ಲಿ ಲೋಟ ಈಸಿಕೊಂಡು, “ಅಯ್ಯೋ, ನನಗೋಸ್ಕರ ತೊಂದರೆ ತಗೋಬೇಡಿ ಅತ್ತಿಗೆ, ಹೇಗಿದ್ದರೂ ನಡೆಯುತ್ತೆ” ಅಂದೆ.